ಹೆಜ್ಜೆಗೊಂದು ಹೆಸರು

ಗಾಯಗೊಂಡ ಸೈನಿಕರಿಗೆ ಕೃತಕ ಕಾಲು ಕಟ್ಟಿ ನಡೆಯಲು ಕಲಿಸುವವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಕೋಣೆಯ ಗೋಡೆಯ ಮೇಲೆ ಯುದ್ಧದಲ್ಲಿ ಸತ್ತ ಒಂದೇ ತುಕಡಿಯವರ ಫೋಟೋಗಳಿದ್ದವು. ಅವುಗಳಲ್ಲೊಂದು ಅವಳ ತಮ್ಮನದು. ದಾರಿಯಲ್ಲಿ ನೆಲಬಾಂಬುಗಳಿವೆ ಎಂದರೂ ಕಿವಿಗೆ ಹಾಕಿಕೊಳ್ಳದೆ ಅವನ ತುಕಡಿಯನ್ನು ಮುಂದಕ್ಕೆ ನೂಕಿದ್ದ ಮೇಜರ್, ಒಂದು ದಿನ ಅದೇ ಕೋಣೆಗೆ ಗಾಲಿಕುರ್ಚಿಯಲ್ಲಿ ಬಂದ. ಆಮೇಲಿನ ಕಾಳಗವೊಂದರಲ್ಲಿ ಅವನ ಬಲಗಾಲು ಹೋಗಿತ್ತು.

ಅಕ್ಕ ಅವನನ್ನು ನೋಡಿದೊಡನೆ ಗುರುತಿಸಿದಳು. ಆದರೂ ಕೃತಕ ಕಾಲನ್ನು ಎಲ್ಲೂ ಒತ್ತದಂತೆ ಕಟ್ಟಿದಳು. ನೋವಿನ ನೆಪ ಹೇಳಿ ಅವನು ತಪ್ಪಿಸಿಕೊಳ್ಳಬಾರದು.

"ಗೋಡೆ ಪಕ್ಕಾನೇ ನಡೀರಿ. ಒಂದೊಂದು ಹೆಜ್ಜೆಗೂ ಒಬ್ಬೊಬ್ಬರ ಹೆಸರು ಹೇಳಿ."

"ಇವರೆಲ್ಲರ ಹೆಸರು ನನಗೆ ಹೇಗಮ್ಮಾ ಗೊತ್ತಿರುತ್ತೆ?"

"ಕಳಿಸುವಾಗ ಗೊತ್ತಿರಲಿಲ್ವಾ? ಫೋಟೋ ಕೆಳಗಿದೆ, ಓದಿ."

ಮೇಜರ್ ಬೆವರುತ್ತಾ ಓದಿದ. ಅವನ ಕೈಕೆಳಗೇ ಕಾಲು ಕಳೆದುಕೊಂಡು ಅಲ್ಲಿ ನಡೆಯಲು ಕಲಿಯುತ್ತಿದ್ದವರು ಅಭ್ಯಾಸ ಬಿಟ್ಟು ನೋಡುತ್ತಿದ್ದರು. ಅಕ್ಕನ ತಮ್ಮನ ಫೋಟೋ ಮುಂದೆ ನಿಂತು, ಆ ಮುಖವನ್ನೂ ಅಕ್ಕನ ಮುಖವನ್ನೂ ಹೋಲಿಸಿ ನೋಡಿದ.

"ನನ್ನನ್ನ ಕ್ಷಮಿಸಮ್ಮಾ."

"ಅದಕ್ಕಲ್ಲ ನಾನಿಲ್ಲಿ ನಿಂತಿರೋದು. ಹೆಸರು ಹೇಳಿ."

ಹೇಳಿದ. ದಿನವೂ ಹೇಳಿಸಿದಳು. ಊರುಗೋಲಿಲ್ಲದೆ ನಡೆಯುವ ಹೊತ್ತಿಗೆ ಅವನಿಗೆ ಎಲ್ಲ ಹೆಸರೂ ಬಾಯಿಪಾಠವಾಗಿದ್ದವು. ಹೊರಡುವಾಗ ಉಪಕಾರ ಮರೆಯಲ್ಲ ಎಂದವನಿಗೆ ಅಕ್ಕ ಗೋಡೆಯ ಫೋಟೋಗಳನ್ನು ತೋರಿಸಿದಳು.

"ಈಗ ನಡೆಯೋಕೆ ಬರುತ್ತಲ್ಲ, ಇವರ ಮನೆಗಳಿಗೆ ಹೋಗಿ. ಅವರಮ್ಮಂದಿರ ಮುಂದೆ ನಿಂತು ಇದೇ ಹೆಸರುಗಳನ್ನ ಹೇಳಿ."