ಫೋನಿನಲ್ಲಿದ್ದ ಆ ಹೆಂಗಸು

ಶಿಡ್ಲಘಟ್ಟದ ನಮ್ಮ ರೇಷ್ಮೆ ರೀಲಿಂಗ್ ಶೆಡ್ಡಿನಲ್ಲಿ ನಮ್ಮ ಯಜಮಾನರು ಎಚ್ಚರ ತಪ್ಪಿ ಬಿದ್ದಿದ್ದರು. ಪಕ್ಕದಲ್ಲಿದ್ದ ಫೋನಿನಲ್ಲಿ ಒಬ್ಬ ಹೆಂಗಸು, "ರಮೇಶ್, ಮಾತಾಡಿ ರಮೇಶ್" ಎಂದು ಕೂಗುತ್ತಿದ್ದಳು. ದಿನಾ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಇವರು ಮಾತಾಡುತ್ತಿದ್ದುದು ಇವಳ ಜೊತೆಗೇ ಎಂದು ನನ್ನ ಮೈ ಉರಿದುಹೋಯಿತು. ಫಿಟ್ಸ್ ಇರಬೇಕೆಂದು ಇವರ ಕೈಗೆ ಬೀಗದ ಕೈ ಹಿಡಿಸಿ, "ಯಾರೇ ನೀನು?" ಎಂದು ಫೋನಿಗೆ ಅರಚಿದೆ.

"ಆಮೇಲೆ ಬೈಯುವಿರಂತೆ ಅಕ್ಕಾ. ಉಸಿರಾಡ್ತಿದ್ದಾರಾ ನೋಡಿ. ಆಂಬುಲೆನ್ಸ್‌ಗೆ ಹೇಳಿದೀನಿ, ಪಕ್ಕದ ಬೀದೀಲೇ ಇದ್ದೀನಿ, ಬಂದೆ."

ಓಡಿ ಬಂದವಳು ನನ್ನ ಕಣ್ಣೆದುರೇ ಇವರ ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ತೋಳಿಗೆ ಒಂದು ಇಂಜೆಕ್ಷನ್ ಚುಚ್ಚಿದಳು. ಸ್ವಲ್ಪ ಹೊತ್ತಿಗೆ ಇವರು ಕೆಮ್ಮಿ ಕಣ್ಣು ಬಿಟ್ಟರು.

ಅವಳು ಚಟಕ್ಕೆ ಬಿದ್ದವರ ಜೀವ ಕಾಯಲು ಓಡಾಡುವ ಆರೋಗ್ಯ ಕಾರ್ಯಕರ್ತೆ. ಸೊಂಟನೋವಿಗೆಂದು ಇವರು ಶುರು ಮಾಡಿದ ಮಾತ್ರೆ ಬಿಡಲಾಗದ ಚಟವಾಗಿತ್ತಂತೆ. ಅದು ಹೆಚ್ಚಾದರೆ ಉಸಿರೇ ನಿಂತುಹೋಗುತ್ತದಂತೆ. "ಒಬ್ಬರೇ ಇದ್ದಾಗ ತಗೋಬೇಡಿ. ತಗೊಂಡ್ರೆ ನನಗೆ ಫೋನ್ ಮಾಡಿ, ಮಾತು ನಿಂತ್ರೆ ಓಡಿ ಬರ್ತೀನಿ" ಎಂದು ಅವಳೇ ಹೇಳಿದ್ದಳಂತೆ.

ಈಗ ಇವರು ಚಿಕಿತ್ಸೆಗೆ ಹೋಗುತ್ತಿದ್ದಾರೆ. ಆ ಮಾತ್ರೆಯ ಅಮಲು ಇಳಿಸಿ ಉಸಿರು ಮರಳಿಸುವ ಅಂಥದೇ ಒಂದು ಇಂಜೆಕ್ಷನ್ ನಮ್ಮ ದೇವರ ಗೂಡಿನಲ್ಲಿದೆ. ಉಸಿರು ಊದುವುದನ್ನೂ ಅವಳೇ ನನಗೆ ಕಲಿಸಿದಳು. ನನ್ನ ತಾಳಿ ಉಳಿಸಿದವಳಿಗೆ ಕೈ ಮುಗಿಯುತ್ತೇನೆ. ಆದರೂ ಹೊಟ್ಟೆಕಿಚ್ಚು ಆರಿಲ್ಲ. ಹನ್ನೆರಡು ವರ್ಷ ಪಕ್ಕದಲ್ಲಿ ಮಲಗಿದ ನನಗೆ ಹೇಳದ ನೋವನ್ನು ಇವರು ಅವಳಿಗೆ ಹೇಳಿದ್ದರು.