ಮೇಲಿನ ಗೆರೆ ದಾಟಿದ ಎಣ್ಣೆ

2022ರಲ್ಲಿ ನಾನು ತುಮಕೂರಿನಲ್ಲಿ ಹಳೆಯ ವಾಹನಗಳನ್ನು ತಪಾಸಣೆ ಮಾಡಿ ವರದಿ ಬರೆದುಕೊಡುವ ಕೆಲಸದಲ್ಲಿದ್ದೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಮೇಲೆ ಹಿಡಿದ ಕೆಲಸ ಅದು, ಈಗಲೂ ಅದೇ. ಗಾಡಿ ಕೊಳ್ಳುವವರು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ನಾನು ಎಂಜಿನ್ ನೋಡಿ, ಕೇಳಿ, ಮೂಸಿ, ತೆಗೆದುಕೊಳ್ಳಬಹುದೋ ಬೇಡವೋ ಹೇಳುತ್ತೇನೆ. ಆ ವರ್ಷದ ಫೆಬ್ರವರಿಯಲ್ಲಿ ನೋಡಿದ ಒಂದು ಪಿಕಪ್ ಬಗ್ಗೆ ಬರೆಯಬೇಕೆಂದು ಹಲವು ಸಲ ಕೂತು ಎದ್ದಿದ್ದೇನೆ. ಮಿಕ್ಸಿಯ ಸದ್ದು ಇದ್ದಕ್ಕಿದ್ದಂತೆ ಏರಿದರೆ ಇವತ್ತಿಗೂ ನನ್ನ ಕೈ ತಾನಾಗಿ ಜಡೆಯ ಬುಡಕ್ಕೆ ಹೋಗುತ್ತದೆ.

ಕರೆದವರು ಗುಬ್ಬಿಯಲ್ಲಿ ಸಸಿಗಳ ನರ್ಸರಿ ನಡೆಸುವ ರೇವಣ್ಣ. ಅವರು ಗಾಡಿ ಓಡಿಸಲು ಕಲಿತದ್ದು ಮೂತಿ ಮುಂದಕ್ಕೆ ಚಾಚಿದ ಅಂಥದ್ದೇ ಒಂದು ಪಿಕಪ್‌ನಲ್ಲಂತೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಹತ್ತಿರ ಒಂದು ಮಾರಾಟಕ್ಕಿದೆ ಎಂದು ತಿಳಿದದ್ದೇ ತಡ, ಬೆಳಿಗ್ಗೆ ಎಂಟಕ್ಕೆ ನನ್ನ ಮನೆಯ ಮುಂದಿದ್ದರು. "ಗಾಡಿ ಮುದುಕನೇ ಮೇಡಂ, ಆದ್ರೆ ಮೀಸೆ ಇನ್ನೂ ನೆಟ್ಟಗೈತಂತೆ" ಎಂದು ದಾರಿಯುದ್ದಕ್ಕೂ ಹೊಗಳಿದರು.

ಗಾಡಿಯ ಒಡೆಯ ಚಿಕ್ಕಣ್ಣ ಅದರಲ್ಲಿ ಮೂವತ್ತು ವರ್ಷ ಕುಣಿಗಲ್ ಸಂತೆಗೆ ತರಕಾರಿ ಹೊತ್ತವರು. ಕಣ್ಣು ಮಂಜಾದ ಮೇಲೆ ಓಡಿಸುವುದನ್ನು ಬಿಟ್ಟಿದ್ದರು. ಅಂಗಳದಲ್ಲಿ ಪಿಕಪ್ ಫಳಫಳ ಹೊಳೆಯುತ್ತಿತ್ತು. ನಾವು ಇಳಿಯುತ್ತಿದ್ದಂತೆ ಅವರ ಹೆಂಡತಿ ಪುಟ್ಟಮ್ಮ ನಕ್ಕರು. "ನನ್ನ ಮದ್ವೆ ಆಗೋಕೆ ಬಂದಾಗ್ಲೂ ಮೈನ ಇಂಗೆ ಉಜ್ಜಿರ್ನಿಲ್ಲ. ಗಾಡಿನ ಉಜ್ಜವ್ರೆ ನೋಡಿ."

ಮಾರುವವರು ಎಂಜಿನ್ನನ್ನು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಅದರ ಕಷ್ಟಗಳು ಮುಚ್ಚಿಹೋಗುತ್ತವೆ. ಹಾಗಾಗಿ ಮೊದಲು ಬ್ಲಾಕ್, ಅಂದರೆ ಎಂಜಿನ್ನಿನ ಕಬ್ಬಿಣದ ಮೈ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಮನುಷ್ಯ ಪ್ರಾಮಾಣಿಕ ಅನ್ನಿಸಿತು. ಮೂಲದ ಪೆಟ್ರೋಲ್ ಎಂಜಿನ್ ತೆಗೆದು ಯಾವ ಕಾಲದಲ್ಲೋ ಡೀಸೆಲ್ ಎಂಜಿನ್ ಕೂರಿಸಿದ್ದರು. ಗಾಳಿ ಸೋಸುವ ಏರ್ ಕ್ಲೀನರ್ ಡಬ್ಬಿ ಬಿಚ್ಚಿ ನೋಡಿದೆ, ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಯ ಒಳಗೆ ಎಣ್ಣೆ ಪಸೆ ಇತ್ತು. ಪಿಸ್ಟನ್ ರಿಂಗುಗಳು ಸವೆದಿವೆ ಎಂಬುದರ ಸೂಚನೆ ಅದು, ಈ ವಯಸ್ಸಿನ ಎಂಜಿನ್ನಿಗೆ ಸಹಜ. ಆಮೇಲೆ ಡಿಪ್‌ಸ್ಟಿಕ್, ಅಂದರೆ ಎಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದೆ. ಅದರಲ್ಲಿ ಎರಡು ಗೆರೆ ಇರುತ್ತವೆ. ಆಯಿಲ್ ಅವೆರಡರ ನಡುವೆ ನಿಲ್ಲಬೇಕು. ಇಲ್ಲಿ ಮೇಲಿನ ಗೆರೆಯನ್ನು ದಾಟಿ ಎರಡು ಬೆರಳು ಮೇಲಿತ್ತು.

ಕಡ್ಡಿ ಒರೆಸಿ ಮತ್ತೆ ಅದ್ದಿದೆ. ಅಷ್ಟೇ ಇತ್ತು. ನನ್ನ ತಪಾಸಣೆಯ ಹಾಳೆಯಲ್ಲಿ ಆಯಿಲ್ ಎಂಬುದರ ಮುಂದೆ ಎರಡೇ ಚೌಕ: ಸರಿ, ಕಡಿಮೆ. ಹೆಚ್ಚು ಎಂಬ ಚೌಕವನ್ನು ನಾನು ಮಾಡಿಕೊಂಡಿರಲೇ ಇಲ್ಲ. ಹಳೆಯ ಗಾಡಿಗಳಲ್ಲಿ ನಾನು ಹುಡುಕುತ್ತಿದ್ದದ್ದು ಯಾವಾಗಲೂ ಕೊರತೆಯನ್ನು. 'ಸರಿ' ಎಂಬಲ್ಲಿ ಗುರುತು ಹಾಕಿ, "ಸ್ಟಾರ್ಟ್ ಮಾಡಿ" ಎಂದೆ.

ಚಿಕ್ಕಣ್ಣ ಸೀಟಿನಲ್ಲಿ ಕೂತು ಸ್ಟಾರ್ಟ್ ಮಾಡಿದರು. ಎರಡು ನಿಮಿಷ ಎಂಜಿನ್ ಚೆನ್ನಾಗಿಯೇ ಆಡಿತು. ಮುಂದಿನ ಬಂಪರ್ ಮೇಲೆ ಒಂದು ಕಾಲಿಟ್ಟು, ರೇಡಿಯೇಟರ್ ಮೇಲಿಂದ ಬಾಗಿ, ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಬ್ಲಾಕ್‌ಗೆ, ಹಿಡಿಯನ್ನು ಕಿವಿಗೆ ಒತ್ತಿಕೊಂಡೆ. ವೈದ್ಯರ ಸ್ಟೆತಾಸ್ಕೋಪ್ ಇದ್ದ ಹಾಗೆ, ಒಳಗಿನ ಸದ್ದೆಲ್ಲ ಕೇಳುತ್ತದೆ. "ಸ್ವಲ್ಪ ರೇಸ್ ಮಾಡಿ" ಎಂದೆ. ಸದ್ದು ಏರಿತು. "ಸಾಕು, ಬಿಡಿ" ಎಂದೆ.

ಸದ್ದು ಇಳಿಯಲಿಲ್ಲ.

"ಬುಟ್ಟಿವ್ನಿ ಕಣವ್ವ! ಕಾಲು ತೆಗ್ದಿವ್ನಿ!" ಎಂದು ಚಿಕ್ಕಣ್ಣ ಕೂಗಿದರು. ಡೀಸೆಲ್ ನಿಲ್ಲಿಸುವ ಗುಂಡಿಯನ್ನೂ ಎಳೆದರು. ಎಂಜಿನ್ ಇನ್ನಷ್ಟು ಏರಿತು. ಹಿಂದಿನಿಂದ ನೀಲಿ ಹೊಗೆ ಅಂಗಳ ತುಂಬಿತು. ಏನಾಗುತ್ತಿದೆ ಎಂದು ನನಗೆ ಗೊತ್ತಿತ್ತು. ಕಾಲೇಜಿನಲ್ಲಿ ಓದಿದ್ದೆ, ಇದಕ್ಕೆ ರನ್‌ಅವೇ ಎನ್ನುತ್ತಾರೆ. ಹೆಚ್ಚಾದ ಆಯಿಲ್ ಸವೆದ ರಿಂಗುಗಳನ್ನು ದಾಟಿ ಮೇಲೇರಿದರೆ ಎಂಜಿನ್ ಡೀಸೆಲ್ ಬಿಟ್ಟು ಅದನ್ನೇ ಹೀರಿ ಉರಿಯುತ್ತದೆ. ಆಗ ಚಾವಿ, ಗುಂಡಿ ಯಾವುದಕ್ಕೂ ಬಗ್ಗುವುದಿಲ್ಲ. ವೇಗ ಏರಿ ಏರಿ ಕೊನೆಗೆ ಒಳಗಿನ ಕಬ್ಬಿಣ ಮುರಿದು ಬ್ಲಾಕ್ ಸೀಳಿಕೊಂಡು ಹೊರಬರುತ್ತದೆ. ಗೊತ್ತಿತ್ತು, ಆದರೂ ನಾನು ಅಲ್ಲಾಡಲಿಲ್ಲ. ಕಿವಿಯ ಸ್ಕ್ರೂಡ್ರೈವರ್ ಕೂಡ ತೆಗೆಯಲಿಲ್ಲ.

"ಗೇರ್ ಹಾಕಿ ನಿಲ್ಲಿಸ್ಲಾ?" ಎಂದರು ಚಿಕ್ಕಣ್ಣ.

"ಬ್ಯಾಡ! ಮುಂದ್ಗಡೆ ಮೇಡಂ ಅವ್ರೆ!" ರೇವಣ್ಣನ ಧ್ವನಿ.

ಆಗ ಯಾರೋ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದರು. ನೆಲಕ್ಕೆ ಬಿದ್ದೆ. ಪುಟ್ಟಮ್ಮ! "ಫ್ಯಾನ್ ಮೇಲೆ ಜಡೆ ಬುಟ್ಕೊಂಡು ನಿಂತವ್ಳಲ್ಲ!" ಎಂದು ಬೈಯುತ್ತಲೇ ಜಗಲಿಯ ನೀರಿನ ಗುಡಾಣಕ್ಕೆ ಸುತ್ತಿದ್ದ ಒದ್ದೆ ಗೋಣಿಚೀಲವನ್ನು ಕಿತ್ತು ತಂದರು. ನಾಲ್ಕು ಮಡಿಕೆ ಮಾಡಿ, ಪಕ್ಕದಿಂದ ಕೈ ಚಾಚಿ, ನಾನು ತೆರೆದೇ ಬಿಟ್ಟಿದ್ದ ಗಾಳಿ ಎಳೆಯುವ ಬಾಯಿಗೆ ಒತ್ತಿಹಿಡಿದರು. ಬಾಯಿ ಚೀಲವನ್ನು ಒಳಕ್ಕೆ ಹೀರಿಕೊಂಡಿತು. ಎಂಜಿನ್ ಎರಡು ಸಲ ಒದರಿ ಸತ್ತುಹೋಯಿತು.

ಪುಟ್ಟಮ್ಮ ಕೈ ಒರೆಸಿಕೊಂಡು, "ನಮ್ಮ ಪಂಪ್‌ಸೆಟ್ ಇಂಜಿನ್ನೂ ಒಂದು ದಪ ಇಂಗೇ ದೆವ್ವ ಬಂದಂಗಾಡಿತ್ತು. ಉಸ್ರು ಕಟ್ಟುದ್ರೆ ಸುಮ್ಕಾಯ್ತದೆ" ಎಂದರು. ರೇವಣ್ಣ ತೆಂಗಿನ ಮರದ ಹಿಂದಿನಿಂದ ಹೊರಬಂದರು. "ನೀವೇನಣ್ಣ, ಮರ ಬೀಳ್ದಂಗೆ ಹಿಡ್ಕೊಂಡಿದ್ರಾ?" ಎಂದು ಪುಟ್ಟಮ್ಮ ಕೇಳಿದಾಗ ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ.

ಎದ್ದು ಬಟ್ಟೆಯ ಮಣ್ಣು ಕೊಡವಿಕೊಂಡ ಮೇಲೆ ಸಿಟ್ಟು ಬಂತು. ಸವೆದ ಎಂಜಿನ್ನಿನ ಸದ್ದು ಮುಚ್ಚಲು ಹೆಚ್ಚು ಆಯಿಲ್ ಸುರಿಯುವವರಿದ್ದಾರೆ. ಇದೂ ಅದೇ ಮೋಸ ಎಂದುಕೊಂಡೆ. "ಬೆಳಿಗ್ಗೆ ಆಯಿಲ್ ಎಷ್ಟು ಹಾಕಿದ್ರಿ?" ಎಂದು ಗಟ್ಟಿಯಾಗಿಯೇ ಕೇಳಿದೆ.

ಚಿಕ್ಕಣ್ಣ ಮುಚ್ಚಿಡಲಿಲ್ಲ. "ಒಂದು ಡಬ್ಬ ಪೂರ್ತಿ ಸುರಿದೆ ಕಣವ್ವ. ಮನೆಯಿಂದ ಆಚೆ ಹೋಗೋದು ಖಾಲಿ ಹೋಗ್ಬಾರ್ದಲ್ವಾ?" ಎಂದರು. ಕೈಹಿಡಿದು ಕರೆದೊಯ್ದು ತೋರಿಸಿದರು. ಡೀಸೆಲ್ ಟ್ಯಾಂಕ್ ತುಂಬಿತ್ತು. ರೇಡಿಯೇಟರ್ ತುಂಬಿತ್ತು. ಬ್ಯಾಟರಿಗೂ ನೀರು ತುಂಬಿಸಿದ್ದರು. ಹಿಂದಿನ ತೊಟ್ಟಿಯಲ್ಲಿ ಕೂಡ, ಕೊಂಡವರು ಬರಿಗಾಡಿ ಒಯ್ಯಬಾರದೆಂದು, ಎರಡು ಕುಂಬಳಕಾಯಿ ಇಟ್ಟಿದ್ದರು. ನಮ್ಮ ಕಡೆ ಪಾತ್ರೆ ವಾಪಸ್ಸು ಕೊಡುವಾಗಲೂ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಅವರು ಎಂಜಿನ್ನಿಗೂ ಅದೇ ಮರ್ಯಾದೆ ಮಾಡಿದ್ದರು. ನನ್ನ ಸಿಟ್ಟು ನಾಚಿಕೆಯಾಯಿತು. ಅವರಿಗೆ ಪದ್ಧತಿ ಗೊತ್ತಿತ್ತು, ಗೆರೆ ಕಂಡಿರಲಿಲ್ಲ. ನನಗೆ ಗೆರೆ ಕಂಡಿತ್ತು, ಆದರೂ 'ಸರಿ' ಎಂದು ಬರೆದಿದ್ದೆ.

ವರದಿಯಲ್ಲಿ ಬಾಡಿ ಗಟ್ಟಿ, ಎಂಜಿನ್ ಬಿಚ್ಚಲೇಬೇಕು ಎಂದು ಬರೆದೆ. ಅದನ್ನು ಒಪ್ಪಿಯೇ ರೇವಣ್ಣ ಕೊಂಡರು. ಗಾಡಿಯನ್ನು ತುಮಕೂರಿನ ಗ್ಯಾರೇಜಿಗೆ ಎಳೆಸಿಕೊಂಡು ಬಂದು ಬಿಚ್ಚಿಸಿದಾಗ ಮೆಕ್ಯಾನಿಕ್ ಒಂದು ಬೋಲ್ಟ್ ನನ್ನ ಅಂಗೈಗಿಟ್ಟರು. ಪಿಸ್ಟನ್ನಿನ ತೋಳನ್ನು ಹಿಡಿದಿಡುವ ಬೋಲ್ಟ್. ಅರ್ಧಕ್ಕೆ ಸೀಳು ಬಿಟ್ಟಿತ್ತು. "ಇನ್ನೊಂದು ಗಳಿಗೆ ಓಡಿದ್ರೆ ಇದು ಹೊರಗೆ ಬರ್ತಿತ್ತು ಮೇಡಂ" ಎಂದರು. ಪುಟ್ಟಮ್ಮ ಜಡೆ ಎಳೆಯುವವರೆಗೆ ಅದರ ಎದುರಿಗೆ ಯಾರ ಮುಖವಿತ್ತು ಎಂದು ಅವರಿಗೆ ಗೊತ್ತಿರಲಿಲ್ಲ.

ಈಗ ನನ್ನ ಹಾಳೆಯಲ್ಲಿ ಆಯಿಲ್ ಮುಂದೆ ಮೂರು ಚೌಕಗಳಿವೆ. ಜಡೆ ಕಟ್ಟಿ ಟೋಪಿಯೊಳಗೆ ತುರುಕುತ್ತೇನೆ. ಡೀಸೆಲ್ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು, "ಇವತ್ತು ಇದಕ್ಕೆ ಏನೇನು ತುಂಬಿದ್ರಿ?" ಎಂದು ಕೇಳುತ್ತೇನೆ, ಪಕ್ಕದಲ್ಲಿ ಒಂದು ಒದ್ದೆ ಗೋಣಿಚೀಲ ಇಡಿಸುತ್ತೇನೆ. ಜನ ನಗುತ್ತಾರೆ, ನಗಲಿ. ಓದು ನನಗೆ ಅಪಾಯದ ಹೆಸರು ಹೇಳಿಕೊಟ್ಟಿತ್ತು. ಅದನ್ನು ನಿಲ್ಲಿಸುವುದನ್ನು ಕಲಿಸಿದ್ದು ಪುಟ್ಟಮ್ಮ.

ಆ ದಿನ ಹೊರಡುವಾಗ ಅವರು ನನ್ನ ಕೈಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಹುಚ್ಚೆಳ್ಳು ಚಟ್ನಿಪುಡಿಯನ್ನು ಒತ್ತಿ ಒತ್ತಿ ತುಂಬಿ ಕೊಟ್ಟಿದ್ದರು. ಮುಂದಿನ ವಾರ ಹೊಸ ಗೋಣಿಚೀಲದ ಜೊತೆ ಡಬ್ಬಿ ಹಿಂತಿರುಗಿಸಲು ಹೋದೆ, ಸಕ್ಕರೆ ತುಂಬಿಕೊಂಡು. ಪುಟ್ಟಮ್ಮ ಮುಚ್ಚಳ ತೆಗೆದು ಇಣುಕಿದರು. ಸಕ್ಕರೆ ಅಂಚಿನಿಂದ ಒಂದು ಬೆರಳು ಕೆಳಗಿತ್ತು.

"ಹೆದರ್ಕಬ್ಯಾಡ ಕಣವ್ವ," ಎಂದು ನಕ್ಕರು, "ಈ ಡಬ್ಬಿಗೆ ಗೆರೆ ಇಲ್ಲ."