ಹಿಡಿದ ಮೀನು, ರುಬ್ಬಿದ ಮಸಾಲೆ

“ಏ, ಬಿಡಬೇಡ ಕಣೋ! ಮಸಾಲೆ ರುಬ್ಬಿಟ್ಟಿದ್ದೀನಿ!”

ಅತ್ತೆ ದಡದಿಂದ ಕೂಗಿದಾಗ, ನನ್ನ ಗಂಡ ಮೊಣಕಾಲುದ್ದ ನೀರಿನಲ್ಲಿ ನಿಂತು ಮಸ್ಕಿ ಎಂಬ ತೋಳುದ್ದದ ಮೀನಿನ ಬಾಯಿಂದ ಗಾಳ ಬಿಡಿಸುತ್ತಿದ್ದರು. ಪರದೇಶದಲ್ಲಿ ನಾವು ನೆಲೆಸಿರುವ ಊರು ಕ್ಯಾರಿಯಿಂದ ಈ ಬೆಟ್ಟದ ಸರೋವರಕ್ಕೆ ರಜೆಗೆಂದು ಬಂದಾಗಿನಿಂದ ಅವರು ಊಟ ನಿದ್ದೆ ಬಿಟ್ಟು ಕಾದಿದ್ದು ಇದಕ್ಕೇ. ಸುಲಭಕ್ಕೆ ಸಿಗದ ಮೀನಂತೆ. ಸಿಕ್ಕರೆ ಫೋಟೊ ತೆಗೆದು ವಾಪಸ್ ನೀರಿಗೆ ಬಿಡುವುದು ಇಲ್ಲಿ ಮಸ್ಕಿ ಹಿಡಿಯುವವರ ರೂಢಿಯಂತೆ. ಮಂಡ್ಯದಿಂದ ಬಂದಿದ್ದ ಅತ್ತೆಗೆ ಇದನ್ನು ಹೇಳಲು ನಾವಿಬ್ಬರೂ ಮರೆತಿದ್ದೆವು.

ಗಂಡ ಕೈ ಸಡಿಲಿಸಿದರು. ಮೀನು ಈಜಲಿಲ್ಲ, ಸುಸ್ತಾಗಿ ಮಗ್ಗುಲಿಗೆ ವಾಲಿತು. ಬೈಯುತ್ತಿದ್ದ ಅತ್ತೆ ಥಟ್ಟನೆ ಸೀರೆ ಎತ್ತಿಕಟ್ಟಿ ನೀರಿಗಿಳಿದು, ಮಗನನ್ನು ಪಕ್ಕಕ್ಕೆ ಸರಿಸಿ, ಕೂಸಿಗೆ ನೀರು ಹಾಕುವಾಗ ಹಿಡಿಯುವಂತೆ ಮೀನಿನ ಹೊಟ್ಟೆಗೆ ಅಂಗೈ ಕೊಟ್ಟು ನೆಟ್ಟಗೆ ನಿಲ್ಲಿಸಿಕೊಂಡರು. “ಹೋಗಪ್ಪಾ, ಹೋಗು” ಎನ್ನುತ್ತಲೇ ಇದ್ದರು. ಬಹಳ ಹೊತ್ತಿನ ಮೇಲೆ ಅದು ಬಾಲ ಬೀಸಿ, ಅವರ ಮುಖಕ್ಕೆ ನೀರೆರಚಿ, ಆಳಕ್ಕೆ ಹೋಯಿತು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಮಗನತ್ತ ತಿರುಗಿದರು. “ಬಿಡೋದೇ ಆಗಿದ್ರೆ ಹಿಡಿದಿದ್ದು ಯಾಕೋ?”

ಗಂಡ ಗಾಳದ ದಾರ ಸುತ್ತತೊಡಗಿದರು. ರಾತ್ರಿ ಆ ಮಸಾಲೆ ಆಲೂಗಡ್ಡೆಗೆ ಹೋಯಿತು.

ಕ್ಯಾರಿಗೆ ಮರಳಿದ ಮೇಲೆ ಮೀನು ತರಲು ಅಂಗಡಿಗೆ ಹೋದೆವು. ಅತ್ತೆ ಎಂದಿನಂತೆ ಒಂದೊಂದರ ಕಿವಿರು ಎತ್ತಿ ನೋಡುತ್ತಾ ಮೆಲ್ಲಗೆ ಕೇಳಿದರು: “ಅದು ಬದುಕಿರುತ್ತೆ ಅಲ್ವೇನಮ್ಮಾ?” ಹಾಗೆ ಕೇಳುತ್ತಲೇ, ಇದ್ದುದರಲ್ಲೇ ದೊಡ್ಡ ಮೀನಿಗೆ ಬೆರಳು ತೋರಿಸಿ, ಕತ್ತರಿಸಿ ಕೊಡುವಂತೆ ಅಂಗಡಿಯವನಿಗೆ ಸನ್ನೆ ಮಾಡಿದರು.